ಸದ್ದು ಮಾಡುವ ಟೈರು

ಆ ಎತ್ತರದ ಎಸ್‌ಯುವಿ ಟೈರ್ ಅಂಗಡಿಯ ಮುಂದೆ ನಿಂತದ್ದೇ ತಡ, ಅವಳು ಕೆನ್ನೆಗೆ ಮೆತ್ತಿದ್ದ ಗ್ರೀಸನ್ನು ತೋಳಿನಿಂದ ಒರೆಸಿಕೊಂಡು ಹೊರಗೆ ಓಡಿ ಬಂದಳು.

ಸರ್ವೇಯರ್ ಬಂದಿದ್ದ! ಗಾಳಿ ಸರಿಯಾಗಿದ್ದರೂ ಗಾಳಿ ನೋಡಿಸಲು ಬರುವ, ಬಂದರೆ ಹೋಗುವುದನ್ನೇ ಮರೆತು ಮಾತಾಡುತ್ತಾ ನಿಲ್ಲುವ ಸರ್ವೇಯರ್...

ಆದರೆ ಮುಂದಿನ ಸೀಟಿನಿಂದ ಇನ್ನೊಬ್ಬಳು ಇಳಿದಳು.

ಕೆಂಪು ಟೋಪಿ, ಧೂಳು ಹಿಡಿದ ಬೂಟು, ಬಾಯ್ತುಂಬ ನಗು. ಇಳಿದವಳೇ ಅವನ ಕಾಲರಿನ ಧೂಳನ್ನು ಪಟಪಟ ಕೊಡವಿದಳು. ಅವನೋ, ಒಳ್ಳೆಯ ಮಗುವಿನ ಹಾಗೆ ಕತ್ತು ಬಗ್ಗಿಸಿ ನಿಂತಿದ್ದ!

'ಯಾರಪ್ಪಾ ಇವಳು?'

"ದೊಡ್ಡ ಟೈರ್ ಬೇಕು, ಎಲ್ಲಾ ದಾರಿಗೂ ಆಗೋ ಆಲ್-ಟೆರೇನ್," ಎಂದ ಸರ್ವೇಯರ್. "ಬೆಟ್ಟದ ದಾರೀಲಿ ಗಾಡಿ ತಳ ಕಲ್ಲಿಗೆ ತಾಗ್ತಿದೆ. ಯಾವುದು ಅಂತ ಇವಳೇ ಹೇಳ್ತಾಳೆ."

ಇವಳೇ ಹೇಳ್ತಾಳಂತೆ! ಒಂದು ವಾಲ್ವ್ ಮುಚ್ಚಳಕ್ಕೂ 'ನೀವು ಹೇಳಿದ್ದೇ ಸರಿ' ಎನ್ನುತ್ತಿದ್ದವನು ಇವನೇನಾ?

"ಟಾರ್ ರೋಡಲ್ಲಿ ಎಷ್ಟು ಓಡಿಸ್ತೀರಿ?" ಮುಖ ಗಂಟು ಹಾಕಿಕೊಂಡೇ ಕೇಳಿದಳು.

"ಮುಕ್ಕಾಲು ಪಾಲು ಅದೇ. ಕೊನೇಲಿ ಮಾತ್ರ ಕಲ್ಲುದಾರಿ," ಎಂದಳು ಕೆಂಪು ಟೋಪಿಯವಳು. "ದಾರಿಯುದ್ದಕ್ಕೂ ನಮ್ಮಿಬ್ಬರದು ಬರೀ ಮಾತು! ನಗಿಸಿ ನಗಿಸಿ ಸಾಯಿಸ್ತಾನೆ ಇವನು."

ಅಷ್ಟು ಸಾಕಾಯಿತು.

ಅಂಗಡಿಯಲ್ಲಿ ಆ ಅಳತೆಯ ಟೈರು ಎರಡು ಬಗೆಯವಿದ್ದವು. ಒಂದರ ಹಲ್ಲುಗಳು ಒತ್ತೊತ್ತಾಗಿದ್ದು, ಕಲ್ಲಿನ ಮೇಲೆ ಹಿಡಿತ, ಟಾರಿನ ಮೇಲೆ ತೆಪ್ಪಗೆ. ಇನ್ನೊಂದರದು ದಪ್ಪ ಹಲ್ಲು, ಅಗಲ ಸಂದು. ಕೆಸರಿಗೆ ಹೇಳಿ ಮಾಡಿಸಿದ್ದು. ಆದರೆ ಟಾರಿಗೆ ಬಂತೋ, ಪಕ್ಕದವರ ಮಾತೂ ಕೇಳದ ಹಾಗೆ ಒಂದೇ ಸಮನೆ ಗೊಂಯ್ ಎನ್ನುತ್ತದೆ. ಇವರಿಗೆ ಬೇಕಾದದ್ದು ಮೊದಲನೆಯದೆಂದು ಅವಳು ನಿದ್ದೆಗಣ್ಣಲ್ಲೂ ಹೇಳಬಲ್ಲಳು.

"ಇದು ತಗೊಳ್ಳಿ," ಎಂದು ಎರಡನೆಯದನ್ನು ಉರುಳಿಸಿಕೊಂಡು ಬಂದಳು. 'ಮಾತಾಡಿ ಈಗ... ಎಷ್ಟು ಮಾತಾಡ್ತೀರೋ ನಾನೂ ನೋಡ್ತೀನಿ!'

ಇಬ್ಬರೂ ಅವಳ ಮಾತಿಗೆ ಹೂಂ ಎಂದರು. ಟೈರು ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಅದು ಗಾಡಿಗೆ ಎಲ್ಲೂ ಉಜ್ಜುವುದಿಲ್ಲ ತಾನೆ ಎಂದು ಬಗ್ಗಿ ನೋಡಿದಳು. ಆ ಕೆಲಸದಲ್ಲಿ ಮಾತ್ರ ಮೋಸ ಮಾಡಲು ಕೈ ಬರಲಿಲ್ಲ.

ಗಾಡಿ ಗೊಂಯ್‌ಗುಡುತ್ತಾ ಮರೆಯಾದ ಮೇಲೆ, ಅಂಗಡಿಯ ಯಜಮಾನರಾದ ಚಿಕ್ಕಪ್ಪ ಗಲ್ಲಾದಿಂದ ತಲೆಯೆತ್ತಿದರು. "ಟಾರ್ ರೋಡ್ ಗಾಡಿಗೆ ಆ ಟೈರ್ ಕೊಟ್ಟೆಯಲ್ಲಮ್ಮ! ತಲೆ ನೆಟ್ಟಗಿದೆ ತಾನೆ?"

"ಅವರೇ ಕೇಳಿದ್ರು," ಎಂದು ಸುಳ್ಳು ಹೇಳಿ ಒಳಗೆ ಹೋದಳು.

ಆಮೇಲೆ ಅವನ ಸುಳಿವೇ ಇಲ್ಲ. ತನ್ನ ಮಾತನ್ನು ನಂಬಿದವನಿಗೆ ಹೀಗೆ ಮಾಡಿದೆನಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು. ಅದರ ಜೊತೆಗೇ ಇನ್ನೊಂದು ಯೋಚನೆ ಬಂದು ಅವಳ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಿತ್ತು. ಮಾತು ಕೇಳಿಸದಿದ್ದರೆ ಜನ ಏನು ಮಾಡುತ್ತಾರೆ? ಹತ್ತಿರ ಬಗ್ಗಿ, ಕಿವಿಯಲ್ಲಿ ಹೇಳುತ್ತಾರೆ!

ಅಯ್ಯೋ! ದೂರ ಮಾಡಲು ಹೋಗಿ ತಾನೇ ಅವರನ್ನು ಹತ್ತಿರ ತಂದಿದ್ದಳು!

ಕೊನೆಗೊಂದು ಬೆಳಿಗ್ಗೆ ಅವನು ಒಬ್ಬನೇ ಬಂದ.

"ಏನೋ ಸದ್ದು. ಒಂದು ರೌಂಡ್ ಬನ್ನಿ, ನೀವೇ ಕೇಳಿ."

ಅವಳು ಮುಂದಿನ ಸೀಟಿನಲ್ಲಿ ಮುದುಡಿ ಕುಳಿತಳು. ಹೆದ್ದಾರಿಗೆ ಬರುತ್ತಲೇ ಗೊಂಯ್ ಶುರುವಾಯಿತು. ಅವನು ಏನೋ ಹೇಳಿದ. ಕೇಳಿಸಲಿಲ್ಲ. ಕಿರುಚಿ ಹೇಳಿದ. ಆಗಲೂ ಇಲ್ಲ! ಅವನ ಮುಖ ಬೆವರಿತ್ತು. 'ಅವಳನ್ನ ಮದುವೆ ಆಗ್ತಿದ್ದಾನೆ... ಅದನ್ನೇ ಹೇಳ್ತಿದ್ದಾನೆ...'

"ನಿಲ್ಲಿಸಿ! ಗಾಡಿ ನಿಲ್ಲಿಸಿ!"

ಗಾಡಿ ನಿಂತಿತು.

"ಸದ್ದು ಮಾಡುತ್ತೆ ಅಂತ ಗೊತ್ತಿದ್ದೇ ಕೊಟ್ಟೆ. ನೀವಿಬ್ಬರೂ ಮಾತಾಡಬಾರದು ಅಂತ!" ಅವಳ ಕಣ್ಣು ತುಂಬಿ ಬಂತು. "ಹೊಟ್ಟೆಕಿಚ್ಚು... ಸಾಕಾ? ಇವತ್ತೇ ಬದಲಾಯಿಸಿ ಕೊಡ್ತೀನಿ. ಆಮೇಲೆ ಅವಳ ಜೊತೆ ಎಷ್ಟು ಬೇಕಾದ್ರೂ ನಗ್ತಾ ಹೋಗಿ!"

ಅವನು ಕಣ್ಣು ಕಣ್ಣು ಬಿಟ್ಟ.

"ರೀ, ಅವಳು ನನ್ನ ಜಾಗಕ್ಕೆ ಬಂದಿರೋ ಹೊಸ ಸರ್ವೇಯರ್. ನಾಳೆಯಿಂದ ಈ ಗಾಡಿ ಅವಳದ್ದು. ಅದಕ್ಕೇ ಟೈರ್ ಅವಳೇ ಆರಿಸಲಿ ಅಂದೆ. ಇಷ್ಟು ದಿನ ಅವಳಿಗೆ ಬೆಟ್ಟದ ದಾರಿ ತೋರಿಸ್ತಿದ್ದೆ, ಅಷ್ಟೇ."

"ಮತ್ತೆ ಕಾಲರ್ ಧೂಳು?"

"ಅವಳು ಎಲ್ಲರದ್ದೂ ಕೊಡವ್ತಾಳೆ. ನಮ್ಮ ಸಾಹೇಬರದ್ದೂ!"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ನಾಚಿಕೆಯಿಂದ ತಲೆ ತಗ್ಗಿಸಿದಳು.

"ನಾನು ಊರೂರು ಅಲೆಯೋದು ಬಿಟ್ಟು ಇಲ್ಲೇ ಆಫೀಸಲ್ಲಿ ನಕ್ಷೆ ಕೆಲಸ ಕೇಳಿ ಹಾಕಿಸ್ಕೊಂಡೆ," ಎಂದ ಅವನು ಮೆಲ್ಲಗೆ. "ನಿಮಗೋಸ್ಕರ. ಆಮೇಲೆ ಭಯ ಶುರುವಾಯ್ತು... ಗಾಡಿ ಇಲ್ಲದೆ ನಿಮ್ಮ ಹತ್ರ ಯಾವ ನೆಪದಲ್ಲಿ ಬರಲಿ? ನೆಪ ಸಿಗಲೇ ಇಲ್ಲ. ಪ್ರೀತಿಸ್ತೀನಿ ಅಂತ ನೇರವಾಗಿ ಹೇಳಿಬಿಡೋಣ ಅಂತ ಬಂದೆ. ಅದನ್ನೇ ಆಗಿಂದ ಕಿರುಚ್ತಿದ್ದೆ!"

ಅವಳು ತೋಳಿನಿಂದ ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ಗಾಡಿ ಇಲ್ಲದವರಿಗೆ ಟೈರ್ ಅಂಗಡೀಲಿ ಏನು ಕೆಲಸ?"

"ನಿಮ್ಮನ್ನ ನೋಡೋದು."

"ಬರೀ ನೋಡೋದಾ?"

"ನೀವು ಹೂಂ ಅಂದ್ರೆ... ನಿಮ್ಮ ಚಿಕ್ಕಪ್ಪನ ಹತ್ರ ಮಾತಾಡೋದು."

ಅವಳು ಗೇರ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಹಾಗಾದ್ರೆ ಗಾಡಿ ತಿರುಗಿಸಿ," ಎಂದಳು. "ಚಿಕ್ಕಪ್ಪ ಅಂಗಡೀಲೇ ಇದ್ದಾರೆ."