ಸಾಲಿನ ಕೊನೆಯ ಮನೆ

ರಟ್ಟಿನ ಊರಿನಲ್ಲಿ ಒಂದು ಮನೆ ಕಾಣೆಯಾಗಿತ್ತು.

ಅರ್ಚನ ಬಾಗಿಲಲ್ಲೇ ನಿಂತುಬಿಟ್ಟಳು. ಊರಿಗಾಂನ ಹಳೆಯ ವಾಚನಾಲಯದಲ್ಲಿ, ದೊಡ್ಡ ಮೇಜಿನ ಮೇಲೆ, ಎರಡು ತಿಂಗಳು ಕೂತು ಅವಳು ಕಟ್ಟಿದ ಮಾದರಿ ಇತ್ತು. ಚಿನ್ನದ ಗಣಿಯ ಕಾರ್ಮಿಕರು ಒಂದು ಕಾಲದಲ್ಲಿ ತುಂಬಿಕೊಂಡಿದ್ದ, ಸಾಲಾಗಿ ಕಟ್ಟಿದ ಲೈನ್ ಮನೆಗಳ ಮಾದರಿ ಅದು. ಬಿಸಿಲಲ್ಲಿ ಟೇಪು ಹಿಡಿದು ಒಂದೊಂದು ಗೋಡೆಯನ್ನೂ ಅಳೆದು, ಈಗ ಹೇಗಿವೆಯೋ ಹಾಗೆಯೇ ಮಾಡಿದ್ದಳು. ನಿಂತದ್ದು ನಿಂತ ಹಾಗೆ, ಬಿದ್ದದ್ದು ಬಿದ್ದ ಹಾಗೆ. ಹಿಂದಿನ ಸಂಜೆಯಷ್ಟೇ ಉಳಿದ ಮನೆಗಳನ್ನು ಅಂಟಿಸಿ ಹೋಗಿದ್ದಳು. ಈಗ ಒಂದು ಸಾಲಿನ ತುದಿಯಲ್ಲಿ, ಸೂರು ಕುಸಿದ ಮನೆಯಿದ್ದ ಜಾಗ ಬೋಳಾಗಿತ್ತು.

ನಾಲ್ಕು ಗಂಟೆಗೆ ಪ್ರದರ್ಶನ. ಅದು ಮುಗಿದ ಮೇಲೆ ಬಂಗಾರಪೇಟೆಯಿಂದ ರೈಲು. ಗದಗಿನಿಂದ ಬಂದಿದ್ದ ಆರ್ಕಿಟೆಕ್ಚರ್ ವಿದ್ಯಾರ್ಥಿನಿಯ ಬೇಸಿಗೆ ಇಂಟರ್ನ್‌ಶಿಪ್ಪಿಗೆ ಅದೇ ಕಡೆಯ ದಿನ.

ಅವಳ ಹಿಂದೆಯೇ ಅನಿಲ್ ಒಳಬಂದ. ಲೈನ್ ಮನೆಗಳ ಫೋಟೋ ತೆಗೆಯುವ ಕೆಲಸಕ್ಕೆ ತುಮಕೂರಿನಿಂದ ಬಂದ ಇನ್ನೊಬ್ಬ ಇಂಟರ್ನ್. ದಿನವೂ ರಾಬರ್ಟ್‌ಸನ್‌ಪೇಟೆಯಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ಅವಳ ಗೇಟಿನಲ್ಲಿ ಕಾಯುತ್ತಿದ್ದ. ಇವತ್ತೂ ಇಬ್ಬರೂ ಒಟ್ಟಿಗೇ ನಡೆದು ಬಂದಿದ್ದರು. ಬೋಳು ಜಾಗ ನೋಡಿ ಅವನ ಕೈಯಲ್ಲಿದ್ದ ಪೊಟ್ಟಣ ಜಾರಿತು.

ಪಕ್ಕದ ಕೋಣೆಯಿಂದ ರವಿಕಿರಣ್ ಧಾವಿಸಿ ಬಂದರು. ಊರಿನ ನೆನಪುಗಳನ್ನು ಕೂಡಿಡುವ ಈ ಚಿಕ್ಕ ಟ್ರಸ್ಟನ್ನು ನಡೆಸುತ್ತಿದ್ದವರು ಅವರು. ತಮ್ಮದು ಮೈಸೂರು ಎಂದು ಹೇಳಿಕೊಳ್ಳುತ್ತಿದ್ದ, ತಪ್ಪಿಯೂ ದನಿ ಏರಿಸದ ಮನುಷ್ಯ. ಅವತ್ತು ಮುಖ ಕೆಂಪಾಗಿತ್ತು.

"ಬಾವಿ ಮಗ್ಗುಲಿನ ಆ ಮನೆಯನ್ನೇ ಯಾಕೆ ಕಿತ್ತೆ ಅನಿಲ್? ನಡುವಿನ ಮೇಜು ನಿನ್ನ ಫೋಟೋಗಳಿಗೆ ಬೇಕು ಅಂತ ಜಗಳ ಆಡಿದ್ದು ನೀನು. ನಿನ್ನೆ ಸಂಜೆ ಕೀ ಇಸಕೊಂಡು ಒಬ್ಬನೇ ಉಳಿದವನೂ ನೀನು. ಈಗಲೇ ಹೇಳಿಬಿಡು. ಇಲ್ಲದಿದ್ದರೆ ನಿನ್ನ ಸರ್ಟಿಫಿಕೇಟಿಗೆ ನಾನು ಸಹಿ ಹಾಕಲ್ಲ."

"ಸರ್, ನಾನು ಫೋಟೋ ನೇತುಹಾಕಿ ಹೋದೆ ಅಷ್ಟೇ. ಇದನ್ನ ಮುಟ್ಟಿಲ್ಲ," ಎಂದ ಅನಿಲ್. ಸರ್ಟಿಫಿಕೇಟು ಇಲ್ಲದೆ ಅವನ ಕಾಲೇಜು ಮುಂದಿನ ವರ್ಷಕ್ಕೆ ಬಿಡುತ್ತಿರಲಿಲ್ಲ.

ಅರ್ಚನ ಹೊರಗೆ ಓಡಿದಳು. ಎರಡು ಬೀದಿ ದಾಟಿ ತಾನು ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ ನಿಂತು ಕೂಗಿದಳು.

"ಆಂಟಿ, ಲಗೂನ ಬರ್ರಿ! ನೀವ ಬರಬೇಕು!"

ಶಶಿರೇಖ ಗಣಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಗಣಿ ಮುಚ್ಚಿ ಎಲ್ಲರೂ ದಿಕ್ಕಾಪಾಲಾದರೂ ಅವರು ಊರಿಗಾಂ ಬಿಟ್ಟಿರಲಿಲ್ಲ. ಕೋಳಿ ಕಳೆದರೂ, ಕಿವಿಯೋಲೆ ಕಳೆದರೂ ಊರಿನವರು ಪೊಲೀಸರಿಗಿಂತ ಮೊದಲು ತಟ್ಟುತ್ತಿದ್ದದ್ದು ಅವರ ಗೇಟನ್ನು. ಅರ್ಚನ ಹೇಳಿದ್ದನ್ನೆಲ್ಲ, ರವಿಕಿರಣ್ ಆಡಿದ ಮಾತುಗಳ ಸಮೇತ, ಅವರು ಚಪ್ಪಲಿ ಮೆಟ್ಟುತ್ತಲೇ ಕೇಳಿಸಿಕೊಂಡರು. "ಅಳ್ಬೇಡ. ಮನೆ ಕಾಲು ಬಂದು ಓಡೋಗಕ್ಕಿಲ್ಲ. ನಡಿ," ಎಂದರು.

ವಾಚನಾಲಯದ ಜಗುಲಿಯಲ್ಲಿ ಕಟ್ಟಡ ನೋಡಿಕೊಳ್ಳುವ ಶ್ರೀನಿವಾಸಪ್ಪ ಖಾಲಿ ಕೊಡ ಹಿಡಿದು ಗೊಣಗುತ್ತಿದ್ದರು. "ಬೇತಮಂಗಲದ ನೀರು ನಿನ್ನೆಯಿಂದ ಬಂದಿಲ್ಲಮ್ಮ. ನಲ್ಲೀಲಿ ಗಾಳಿ ಬತ್ತಾ ಐತೆ. ನೆಲ ಎಂಗೆ ಒರೆಸ್ಲಿ?"

"ಬೆಳಿಗ್ಗೆ ಯಾರು ಮೊದಲು ಬಂದ್ರು?"

"ಅನಿಲ್ ರಾತ್ರೀನೇ ಕೀ ಕೊಟ್ಟೋದ. ಬೆಳಿಗ್ಗೆ ನಾನೇ ಬಾಗಿಲು ತೆಗ್ದೆ. ಆಮೇಲೆ ಸಾರ್ ಬಂದ್ರು. ಈ ಮಕ್ಕಳು ಈಗ ಬಂದವ್ರೆ."

"ಮಾದರಿ ನೋಡಿದ್ರಾ?"

"ಕಸ ಗುಡಿಸ್ವಾಗ ನೋಡ್ದೆ. ಎಲ್ಲಾ ಸರಿ ಇದ್ದಂಗಿತ್ತು. ಆದ್ರೆ ಕನ್ನಡಕ ಆಕ್ಕೊಂಡಿರ್ಲಿಲ್ಲ, ಆಣೆ ಮಾಡಿ ಏಳಕ್ಕಾಗಲ್ಲ."

ಶಶಿರೇಖ ಒಳಗೆ ಬಂದು ಮೇಜಿನ ಮೇಲೆ ಬಗ್ಗಿದರು. ರೋಗಿಯ ಹಣೆ ಮುಟ್ಟುವ ಹಾಗೆ ಬೋಳು ಜಾಗವನ್ನು ಬೆರಳಿನಿಂದ ಮುಟ್ಟಿದರು. ರಟ್ಟು ಹರಿದಿರಲಿಲ್ಲ. ಪಕ್ಕದ ಮನೆಗೆ ಒಂದು ಗೀರೂ ಬಿದ್ದಿರಲಿಲ್ಲ. ಜಾಗ ಸ್ವಲ್ಪ ಉಬ್ಬಿತ್ತು, ಸುತ್ತ ಕಂದು ಕಲೆ. ಕಲೆಯ ಅಂಚಿನಲ್ಲಿ ಇರುವೆಗಳು ಸಾಲುಗಟ್ಟಿದ್ದವು. ರಟ್ಟು ಕೊಯ್ಯುವ ಅರ್ಚನಳ ಕಟ್ಟರ್ ಕಿಟಕಿಯ ಅಂಚಿನ ಮೇಲೆ ಅವಳು ಇಟ್ಟಲ್ಲೇ ಇತ್ತು.

"ಬಾಯಿ ಒಣಗೋಯ್ತು. ಸಾರ್, ನಿಮ್ಮ ಫ್ಲಾಸ್ಕಲ್ಲಿ ಒಂದು ಲೋಟ ಟೀ ಕೊಡ್ತೀರಾ?"

ದಿನವೂ ಹತ್ತು ಗಂಟೆಗೆ ಎಲ್ಲರಿಗೂ ತಾವೇ ಟೀ ಬಗ್ಗಿಸಿ ಕೊಡುವ ರವಿಕಿರಣ್ ಕಿಟಕಿಯ ಕಡೆ ನೋಡಿದರು. "ಇವತ್ತು ಖಾಲಿಯಾಗಿದೆ ಮೇಡಂ."

"ಹೋಗ್ಲಿ ಬಿಡಿ. ಎಲ್ಲರೂ ಈ ಮೇಜಿನ ಸುತ್ತ ಬನ್ನಿ. ಶ್ರೀನಿವಾಸಪ್ಪ, ನೀವೂ."

ಐವರೂ ರಟ್ಟಿನ ಊರಿನ ಸುತ್ತ ನಿಂತರು. ಅನಿಲ್ ಅಲ್ಲ ಎಂದರೆ ಸಾಕು ಎಂದುಕೊಂಡಳು ಅರ್ಚನ.

"ಕೆಡಿಸಬೇಕು ಅಂತ ಬಂದೋನು ಇಷ್ಟು ನಾಜೂಕಾಗಿ ಬಿಡಿಸಲ್ಲ," ಶಶಿರೇಖ ಶುರುಮಾಡಿದರು. "ಕಟ್ಟರ್ ಕೈಗೆಟುಕುವ ಹಾಗೆ ಇದ್ರೂ ಮುಟ್ಟಿಲ್ಲ. ಮನೆಗೆ ಪೆಟ್ಟಾಗಬಾರದು ಅಂತ ಯೋಚನೆ ಮಾಡಿದ ಕೈ ಇದು. ಬಿಸಿಯಾದ ಏನರಲ್ಲೋ ಬಟ್ಟೆ ಅದ್ದಿ ಒತ್ತಿ, ಅಂಟು ಮೆತ್ತಗಾದ ಮೇಲೆ ಎತ್ತಿದ್ದಾರೆ. ಮುಟ್ಟಿ ನೋಡು ಅರ್ಚನ, ಇನ್ನೂ ಒದ್ದೆ. ಈ ಬೇಸಿಗೇಲಿ ನಿನ್ನೆ ಸಂಜೆಯ ಒದ್ದೆ ಇವತ್ತಿನವರೆಗೆ ಉಳಿಯುತ್ತಾ? ಕೆಲಸ ಆಗಿರೋದು ಇವತ್ತು ಬೆಳಿಗ್ಗೆ. ಅಷ್ಟೊತ್ತಿಗೆ ಅನಿಲ್ ನಮ್ಮ ಗೇಟಲ್ಲಿ ಇಡ್ಲಿ ಹಿಡಕೊಂಡು ನಿಂತಿದ್ದ. ನಾನೇ ನೋಡಿದೀನಿ."

ಅನಿಲ್ ಬಗ್ಗಿ, ಜಾರಿ ಬಿದ್ದಿದ್ದ ಇಡ್ಲಿ ಪೊಟ್ಟಣ ಎತ್ತಿಕೊಂಡ.

"ಉಳಿದೋರು ಇಬ್ಬರು. ನಲ್ಲೀಲಿ ನೀರಿಲ್ಲ. ಬಿಸಿಯಾಗಿದ್ದದ್ದು ಫ್ಲಾಸ್ಕಿನ ಟೀ ಒಂದೇ. ಇರುವೆ ಬಂದಿವೆ ಅಂದ್ರೆ ಅದಕ್ಕೆ ಸಕ್ಕರೆ ಬಿದ್ದಿದೆ. ಶ್ರೀನಿವಾಸಪ್ಪ ಸಕ್ಕರೆ ಕಾಯಿಲೆಯೋರು, ನನ್ನ ಕೈಲಿ ಬೈಸಿಕೊಂಡು ಸಪ್ಪೆ ಟೀ ಕುಡಿಯೋರು. ದಿನಾ ತುಂಬಿರೋ ಇನ್ನೊಬ್ಬರ ಫ್ಲಾಸ್ಕು ಇವತ್ತು ಖಾಲಿ."

ಶಶಿರೇಖ ರವಿಕಿರಣರ ಕಡೆ ತಿರುಗಿದರು. ದನಿ ತಗ್ಗಿತ್ತು.

"ಬಾವಿ ಮಗ್ಗುಲಿನ ಮನೆ ಅಂದ್ರಂತೆ ನೀವು. ಅರ್ಚನ, ನಿನ್ನ ಮಾದರೀಲಿ ಬಾವಿ ಎಲ್ಲಿದೆ?"

ಅರ್ಚನ ಕಣ್ಣರಳಿಸಿದಳು. "ಇಲ್ರೀ. ಅಲ್ಲಿ ಬಾವಿನ ಇಲ್ಲ. ಬರೀ ಜಾಲಿ ಪೊದಿ ಐತಿ."

"ಇತ್ತು. ಗಣಿ ನಿಲ್ಲೋಕೆ ಮುಂಚೆಯೇ ಮುಚ್ಚಿಸಿದ್ರು. ಮಕ್ಕಳಿಗೆ ಲಸಿಕೆ ಹಾಕೋಕೆ ಹೋದಾಗ ಆ ಕಟ್ಟೆ ಮೇಲೇ ನಾನು ಪೆಟ್ಟಿಗೆ ಇಡ್ತಿದ್ದೆ. ಅದು ಮೈಸೂರಿನೋರಿಗೆ ಹೇಗೆ ಗೊತ್ತಾಯ್ತು ಸಾರ್? ಕೊನೇ ಮನೇಲಿ ಶ್ರೀರಾಮಪ್ಪ ಅಂತ ಇದ್ರು. ಸೂಜಿ ಕಂಡ್ರೆ ಬಾವಿ ಹಿಂದೆ ಬಚ್ಚಿಟ್ಕೊಳ್ಳೋ ಮಗ ಒಬ್ಬನಿದ್ದ ಅವರಿಗೆ."

ರವಿಕಿರಣ್ ಕೋಣೆಗೆ ಹೋಗಿ ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಕಾಣೆಯಾದ ಮನೆಯಿತ್ತು. ಅದರ ಮೇಲೆ ಅರ್ಧ ಮುಗಿದ ಸೂರು. ಕಪ್ಪು ಕಾಗದವನ್ನು ಸಣ್ಣಗೆ ಮಡಿಸಿ ಮಡಿಸಿ ತಗಡಿನ ಹಾಗೆ ಮಾಡಿದ್ದರು.

"ಮಧ್ಯಾಹ್ನದೊಳಗೆ ಇಟ್ಬಿಡ್ತಿದ್ದೆ," ಎಂದರು. ದನಿ ಒಡೆಯಿತು, ಮೈಸೂರಿನ ನಯ ಕಳಚಿತು. "ನೂರಾರು ಜನ ನೋಡಕ್ಕೆ ಬತ್ತಾರೆ. ನಮ್ಮನೆ ಅಂಗೆ ಬಾಯಿ ಬಿಟ್ಕೊಂಡು ಬಿದ್ದಿರೋದು ನನ್ ಕೈಲಿ ನೋಡಕ್ಕಾಗಲಿಲ್ಲ ಮೇಡಂ. ಕಾಲೇಜಲ್ಲಿ ಲೈನ್ ಮನೆಯೋನು ಅಂತ ನಗ್ತಿದ್ರು. ಅವತ್ತು ಮೈಸೂರು ಅಂತ ಏಳ್ದೋನು, ಇಲ್ಲಿಗೇ ಕೆಲಸಕ್ಕೆ ಬಂದ ಮೇಲೂ ಬಾಯಿ ಬಿಡಲಿಲ್ಲ."

"ನನಗ ಹೇಳಿದ್ರ ನಾನ ಸೂರು ಹಾಕಿ ಕೊಡ್ತಿದ್ದೆ, ಸರ್," ಎಂದಳು ಅರ್ಚನ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಿದ್ದದ್ದನ್ನು ಬಿದ್ದ ಹಾಗೆ ಅಳೆಯುವಾಗ, ಅದು ಯಾರ ಮನೆ ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು.

ರವಿಕಿರಣ್ ಅನಿಲ್‌ನ ಎದುರು ನಿಂತರು. "ನೀವಿಬ್ಬರೂ ಇಷ್ಟು ಬೇಗ ಬರ್ತೀರಿ ಅಂದ್ಕೊಂಡಿರಲಿಲ್ಲ. ಭಯ ಆಯ್ತು, ನಿನ್ನ ಮೇಲೆ ಹಾಕ್ಬಿಟ್ಟೆ. ತಪ್ಪಾಯ್ತಪ್ಪ."

ಅನಿಲ್ ಚೀಲದಿಂದ ಸರ್ಟಿಫಿಕೇಟಿನ ಹಾಳೆ ತೆಗೆದು ಮೇಜಿನ ಮೇಲಿಟ್ಟ. "ಸಹಿ ಈಗಲೇ ಹಾಕಿ ಸರ್," ಎಂದ. ಸಹಿಯಾದ ಮೇಲೆ ಅವನೇ ಕತ್ತರಿ ತಂದು ಉಳಿದರ್ಧ ಸೂರಿಗೆ ಕಾಗದ ಮಡಿಸಲು ಕೂತ.

ನಾಲ್ಕಕ್ಕೆ ವಾಚನಾಲಯ ತುಂಬಿತು. ಕನ್ನಡ, ತಮಿಳು, ತೆಲುಗು ಒಂದರೊಳಗೊಂದು ಸೇರಿ ಗಿಜಿಗುಟ್ಟಿದವು. ಜನ ತಮ್ಮ ತಮ್ಮ ಬಾಗಿಲು ಹುಡುಕಿ ಬೆರಳಿಟ್ಟು, ನೆರೆಯವರ ಹೆಸರು ಹೇಳಿ ಕಣ್ಣೊರೆಸಿಕೊಂಡರು. ರವಿಕಿರಣ್ ಫೋನ್ ಮಾಡಿ ಬಂಗಾರಪೇಟೆಯ ತಂಗಿ ಮನೆಯಿಂದ ತಾಯಿಯನ್ನು ಕರೆಸಿಕೊಂಡಿದ್ದರು. ಮುನಿನಾರಾಯಣಮ್ಮ ಮಗನ ತೋಳು ಹಿಡಿದು ಕೊನೆಯ ಮನೆಯ ಮುಂದೆ ಬಗ್ಗಿದರು. ಹೊಸ ಸೂರನ್ನು ನೋಡಿ ನಕ್ಕುಬಿಟ್ಟರು.

"ಇಷ್ಟು ಚೆಂದಾಗಿ ಎಲ್ಲಿತ್ತು ಕಣ್ಲಾ? ಮಳೆ ಬಂದ್ರೆ ನಿನ್ನ ತಲೆ ಮೇಲೇ ಸೋರ್ತಿತ್ತು. ನಿಮ್ಮಪ್ಪ ರಾತ್ರಿಯೆಲ್ಲ ತಪ್ಪಲೆ ಇಡ್ಕೊಂಡು ಕೂತಿರ್ತಿದ್ದ."

"ಇದು ಯಾರ ಮನೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಮ್ಮದು," ಎಂದರು ರವಿಕಿರಣ್, ಎಲ್ಲರಿಗೂ ಕೇಳುವ ಹಾಗೆ. "ನಾನು ಹುಟ್ಟಿದ ಮನೆ."

ಊರಿಗಾಂನಿಂದ ಹೊರಟ ಸಂಜೆಯ ರೈಲಿನಲ್ಲಿ ಶಶಿರೇಖ ಬಂಗಾರಪೇಟೆಯವರೆಗೂ ಅರ್ಚನಳ ಜೊತೆಗೆ ಬಂದರು. ಕೋರಮಂಡಲ್ ಸ್ಟೇಷನ್ ಕಳೆಯಿತು. ಗಣಿಯ ಹಳೆಯ ಮಣ್ಣುದಿಬ್ಬಗಳು ಹೊತ್ತು ಮುಳುಗುವ ಬೆಳಕಿನಲ್ಲಿ ಹಳದಿಯಾಗಿ ಹಿಂದೆ ಸರಿದವು. ಬಂದ ದಿನ ಅರ್ಚನ ಅವುಗಳನ್ನು ಗುಡ್ಡ ಎಂದುಕೊಂಡು ಮನೆಗೆ ಫೋಟೋ ಕಳಿಸಿದ್ದಳು.

"ಆಂಟಿ, ಸರ್‌ಗ ಒಬ್ಬರಿಗೇ ಕರದು ಹೇಳಬಹುದಿತ್ತಲ್ರೀ?"

"ಹೇಳಬಹುದಿತ್ತು. ಆದ್ರೆ ಆ ಹುಡುಗನ ಮೇಲೆ ಮಸಿ ಬಿದ್ದಿದ್ದು ಎಲ್ಲರ ಎದುರಿಗೆ. ತೊಳೆಯೋದೂ ಎಲ್ಲರ ಎದುರಿಗೇ ಆಗ್ಬೇಕಲ್ಲಮ್ಮ."

ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಆಗಲೇ ನಿಂತಿತ್ತು. ಅರ್ಚನ ಚೀಲ ಹತ್ತಿಸಿ ಬಾಗಿಲಲ್ಲಿ ನಿಂತಳು.

"ನನ್ನ ಕೋಣಿ ಇನ್ನೊಬ್ಬರಿಗೆ ಕೊಡ್ತೀರೇನ್ರೀ?" ಎಂದು ಕೇಳಿದಳು.

"ಕೊಡ್ದೆ ಇನ್ನೇನು, ಬಾಡಿಗೆ ಬರ್ಬೇಕಲ್ಲ," ಎಂದರು ಶಶಿರೇಖ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನೀನು ಬಂದ್ರೆ ನನ್ನ ಕೋಣೇಲಿ ಮಲ್ಕೋ."

ರೈಲು ಅಲುಗಿತು.