ಅಮ್ಮಿನಬಾವಿಯ ಶನಿವಾರದ ಪಾಠ

ಬಸ್ಸು ಅಮ್ಮಿನಬಾವಿಯಲ್ಲಿ ನಿಂತಾಗ ದಾಕ್ಷಾಯಿಣಿಯ ಒಂದು ಕೈಯಲ್ಲಿ ತಾಮ್ರದ ತಂತಿಯ ಸುರುಳಿ, ಇನ್ನೊಂದು ಕೈಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹೊಟ್ಟೆಭಾಗ. ಏಳು ಕಿಲೋ ಕಬ್ಬಿಣ. ಇಳಿಯಲು ಕಾಲು ಚಾಚಿದಳು, ಮೆಟ್ಟಿಲು ಸಿಗಲಿಲ್ಲ.

ಮೋಟಾರು ಕೈ ಜಾರಿತು... ಅದು ನೆಲ ಮುಟ್ಟುವ ಮೊದಲೇ ಕೆಳಗಿದ್ದವನೊಬ್ಬ ಎರಡೂ ಕೈಯಲ್ಲಿ ಹಿಡಿದುಕೊಂಡ. ಅಂಗಿಯ ಮುಂಭಾಗವೆಲ್ಲ ಮಸಿಯಾಯಿತು. ಅವನು ಅದನ್ನು ನೋಡಲೂ ಇಲ್ಲ.

"ಇಳೀರಿ ಮೇಡಂ, ಸಾವಕಾಶ. ಇದನ್ನ ನಾ ಹಿಡದೇನಿ."

ಮೂವತ್ತರ ಸುಮಾರಿನವ. ಕನ್ನಡಕ, ಕಿಸೆಯಲ್ಲೊಂದು ಪೆನ್ನು. ದಾಕ್ಷಾಯಿಣಿ ಅವನನ್ನು ಎಂದೂ ಕಂಡಿರಲಿಲ್ಲ. ಆದರೆ ಅವನು ಅವಳನ್ನು ನೋಡಿದ ರೀತಿ... ಎಷ್ಟೋ ದಿನದ ಪರಿಚಯ ಇದ್ದವರ ಹಾಗೆ!

"ನಾ ಶಿವಯೋಗೀಶ ರೀ. ಕೇಂದ್ರದಾಗ ಕಂಪ್ಯೂಟರ್ ನೋಡಿಕೊಳ್ಳಾಂವ. ಮೇಡಂ, ಪಾಠಕ್ಕಿಂತ ಮೊದಲ ಒಂದು ಮಾತು ಹೇಳೂದಿತ್ತು."

"ಪಾಠ ಆದಮ್ಯಾಲೆ ಹೇಳ್ರಿ. ಆಗಲೇ ಹತ್ತಾತು."

"ಇಲ್ರಿ, ಅದನ್ನ ಈಗ ಹೇಳಿದ್ರ..."

"ದಾನವ್ವ ಬಂದಾಳೇನ್ರಿ?" ಎಂದಳು ದಾಕ್ಷಾಯಿಣಿ, ಕಣ್ಣರಳಿಸಿ.

"ಬಂದಾರ್ರಿ," ಎಂದಷ್ಟೇ ಹೇಳಿ ಮೋಟಾರು ಹೊತ್ತು ಮುಂದೆ ನಡೆದ.

ಒಂದು ನಿಮಿಷ ನಿಂತು ಕೇಳಿದ್ದರೆ ಮುಂದಿನ ಒಂದು ವಾರದ ಸಂಕಟ ತಪ್ಪುತ್ತಿತ್ತು. ಆದರೆ ಧಾರವಾಡದ ಮಾಳಮಡ್ಡಿಯ ದಾಕ್ಷಾಯಿಣಿಗೆ ನಿಂತು ಗೊತ್ತಿಲ್ಲ, ಏನು ಮಾಡುವುದು!

ಅವಳು ಕಲಿಸುತ್ತಿದ್ದದ್ದು ಹುಬ್ಬಳ್ಳಿಯ ಒಂದು ಸಮುದಾಯ ಕಾಲೇಜಿನಲ್ಲಿ. ಶಾಲೆ ಬಿಟ್ಟವರಿಗೆ, ಶಾಲೆಯ ಮುಖವನ್ನೇ ನೋಡದವರಿಗೆ ಕೈಕಸುಬು ಕಲಿಸುವ ಕಾಲೇಜು. ಎರಡು ಸಾವಿರದ ಆರನೇ ಇಸವಿಯ ದಸರೆಯ ಹೊತ್ತಿಗೆ ಅಲ್ಲಿ ಪಾಠವೆಲ್ಲ ಕಂಪ್ಯೂಟರಿಗೆ ಹೋಯಿತು. ಮೇಡಂ ಹುಬ್ಬಳ್ಳಿಯಲ್ಲಿ ಕ್ಯಾಮೆರಾದ ಮುಂದೆ, ಕಲಿಯುವವರು ತಮ್ಮ ಊರಿನ ಕೇಂದ್ರದಲ್ಲಿ ಪರದೆಯ ಮುಂದೆ. ಚಿತ್ರ ಮತ್ತು ದನಿ ಇತ್ತಲಿಂದ ಅತ್ತ ಹೋಗುತ್ತಿದ್ದವು. ಅತ್ತಲಿಂದ ಇತ್ತ ಬರುತ್ತಿದ್ದದ್ದು ಟೈಪ್ ಮಾಡಿದ ಅಕ್ಷರ ಮಾತ್ರ.

ಅವಳ ವಿಷಯ ಮೋಟಾರು ರಿಪೇರಿ. ಹೌದು, ಪರದೆಯ ಮೇಲೆ ಮೋಟಾರು ರಿಪೇರಿ. ನಗಬೇಡಿ, ಆಗ ದೊಡ್ಡವರೆಲ್ಲ ಇದೇ ಮುಂದಿನ ಕಾಲ ಎಂದಿದ್ದರು. ಅಮ್ಮಿನಬಾವಿಯ ಹನ್ನೆರಡು ಮಂದಿ ತಂತಿಯ ಬದಲು ಸುತಳಿ ಹಿಡಿದು, ಮೋಟಾರಿನ ಬದಲು ಹಳೆಯ ಡಬ್ಬಿಗೆ ಸುತ್ತಿ ಸುತ್ತಿ ಅಭ್ಯಾಸ ಮಾಡಿದರು.

ಆ ಹನ್ನೆರಡರಲ್ಲಿ ಒಬ್ಬಳು ದಾನವ್ವ. ಐವತ್ತು ದಾಟಿದ ಹೆಂಗಸು, ಹೊಲದ ಮೋಟಾರು ಸುಟ್ಟಾಗೆಲ್ಲ ಊರೂರು ಅಲೆದು ಬೇಸತ್ತು, ತಾನೇ ಕಲಿಯುತ್ತೇನೆಂದು ಬಂದವಳು. ಪಾಠ ಮುಗಿದ ಮೇಲೆ ಹತ್ತು ನಿಮಿಷ ಪ್ರಶ್ನೆಗಳ ಸಮಯ. ಆಗ ದಾನವ್ವನ ಹೆಸರಿನಲ್ಲಿ ತಪ್ಪದೆ ಒಂದು ಸಾಲು ಬರುತ್ತಿತ್ತು. "ಮೇಡಂ, ಇವತ್ತ ದನಿ ಕುಂತೈತಿ, ಜೀರಿಗಿ ಕಷಾಯ ಕುಡೀರಿ." "ಮೇಡಂ, ಮಾರಿ ಸಣ್ಣ ಆಗೇತಿ, ಊಟ ಬಿಟ್ಟೀರೇನು?"

ಎದುರಿಗೆ ಗೋಡೆ, ಕ್ಯಾಮೆರಾ, ಖಾಲಿ ಕುರ್ಚಿ ಬಿಟ್ಟರೆ ಏನೂ ಕಾಣದ ಆ ಕೋಣೆಯಲ್ಲಿ ದಾಕ್ಷಾಯಿಣಿಗೆ ಆ ಸಾಲುಗಳೇ ಜೀವ. ಅವಳೂ ಉತ್ತರ ಬರೆಯುತ್ತಿದ್ದಳು. ಮೊದಮೊದಲು ಒಂದು ಸಾಲು, ಆಮೇಲೆ ನಾಲ್ಕು, ಆಮೇಲೆ ಮನಸ್ಸಿನದ್ದೆಲ್ಲ.

ಮಾರ್ಚಿಯಲ್ಲಿ ಹುಬ್ಬಳ್ಳಿಯ ಒಂದು ಮನೆಯವರು ಅವಳನ್ನು ನೋಡಲು ಬಂದರು. ಹುಡುಗನ ತಾಯಿ ಅವಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡವರು, ಮೂಗು ಮುರಿದರು. "ಇದೇನವಾ ವಾಸನಿ?" ಅದು ಮೋಟಾರಿಗೆ ಬಳಿಯುವ ವಾರ್ನಿಷ್ ವಾಸನೆ, ಎಷ್ಟು ಸಾಬೂನು ಹಾಕಿದರೂ ಹೋಗದು. ತಟ್ಟೆ ತುಂಬ ಅವಲಕ್ಕಿ ತಿಂದು ಹೋದರು. ನೌಕರಿ ಬಿಡಿಸಿದರೆ ನೋಡೋಣ ಎಂದು ಹೇಳಿ ಕಳಿಸಿದರು.

ಮಾರ್ಚಿ ಹದಿಮೂರು. ಪಾಠ ಮುಗಿಸಿ ದಾಕ್ಷಾಯಿಣಿ ಅದನ್ನೆಲ್ಲ ದಾನವ್ವನಿಗೆ ಬರೆದಳು. ಅಳುತ್ತಲೇ ಬರೆದಳು. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು.

"ಕೈ ವಾಸನಿ ಬ್ಯಾಡ ಅಂದವರ ಮನಿ ಮೋಟಾರು ಸುಟ್ಟರ ಯಾರನ್ನ ಕರೀತಾರ್ರಿ? ನೌಕರಿ ಬಿಡಬ್ಯಾಡ್ರಿ."

ಅವಳು ಅಳು ನಿಲ್ಲಿಸಿ ನಕ್ಕುಬಿಟ್ಟಳು. ಆ ಸಾಲನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಳು. ಮತ್ತು ಆ ಖುಷಿಯಲ್ಲೇ ತಿರುಗಿ ಬರೆದಳು: "ನಿನ್ನಂಗ ಮಾತಾಡೋ ಗಂಡಸು ಸಿಕ್ಕರ ಕಣ್ಣ ಮುಚ್ಚಿ ಮದವಿ ಆಗ್ತೇನಿ ದಾನವ್ವ."

ಅದಕ್ಕೆ ಉತ್ತರ ಬರಲಿಲ್ಲ. ಅಂದಿನಿಂದ ದಾನವ್ವ ಮೋಟಾರಿನ ಮಾತು ಬಿಟ್ಟು ಬೇರೆ ಮಾತು ಆಡಲೇ ಇಲ್ಲ...

ಜೂನಿನಲ್ಲಿ ಕಾಲೇಜು ಹೊಸ ಪದ್ಧತಿ ತಂದಿತು. ಅರ್ಧ ಪರದೆಯ ಮೇಲೆ, ಅರ್ಧ ಎದುರಿಗೆ. ಶನಿವಾರ ಶನಿವಾರ ಮೇಡಂ ಊರಿಗೇ ಹೋಗಿ ಕಲಿಸಬೇಕು. ಎಲ್ಲರೂ ಬಸ್ಸಿನ ಧೂಳು ನೆನೆದು ಗೊಣಗಿದರು. ದಾಕ್ಷಾಯಿಣಿ ಒಬ್ಬಳೇ ಕುಣಿದಳು.

ಹಾಗಾಗಿ ಆ ಮೊದಲ ಶನಿವಾರ ಕೇಂದ್ರದ ಬಾಗಿಲು ದಾಟಿದ ಕೂಡಲೇ ಅವಳು ದಾನವ್ವನ ಹೆಸರು ಕೂಗಿ, ಓಗೊಟ್ಟು ಎದ್ದವಳ ಕೈ ಹಿಡಿದಳು.

"ದಾನವ್ವ, ಮಾರ್ಚಿಯಿಂದ ನನ್ನ ಕೂಡ ಯಾಕ ಮಾತ ಬಿಟ್ಟಿ? ನಾ ಏನರ ತಪ್ಪ ಬರದ್ನೇನು?"

"ಏನ ಬರದಿದ್ರಿ ತಾಯಿ?" ದಾನವ್ವ ಕಣ್ಣು ಪಿಳಿಪಿಳಿ ಮಾಡಿದಳು. "ನನಗ ಸಹಿ ಮಾಡೂದಷ್ಟ ಬರ್ತೈತ್ರಿ. ನಾವು ಬಾಯಿಲೆ ಹೇಳ್ತೇವಿ, ಶಿವಯೋಗಿ ಟೈಪ್ ಮಾಡ್ತಾನ. ನಿಮ್ಮದು ಬಂದ್ರ ಆಂವನ ಓದಿ ಹೇಳ್ತಾನ. ಹನ್ನೆರಡೂ ಮಂದೀದು ಹಂಗ ರೀ."

ದಾಕ್ಷಾಯಿಣಿ ತಿರುಗಿ ನೋಡಿದಳು. ಶಿವಯೋಗೀಶ ಬಾಗಿಲ ಬಳಿ ಮೋಟಾರು ಹಿಡಿದೇ ನಿಂತಿದ್ದ. ಮುಖ ಬಿಳಿಚಿತ್ತು.

ಇಷ್ಟು ದಿನ ಎಲ್ಲ ಓದಿದವನು ಇವನು... ಕಣ್ಣು ಮುಚ್ಚಿ ಮದುವೆಯಾಗುತ್ತೇನೆ ಅಂದದ್ದನ್ನೂ! ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಮೇಡಂ, ಇದನ್ನ ಹೇಳಾಕ..."

"ಮೋಟಾರು ಅಲ್ಲಿಡ್ರಿ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ.

ಎರಡು ತಾಸು ಪಾಠ ಮಾಡಿದಳು. ಸುಟ್ಟ ತಂತಿ ಬಿಡಿಸುವುದು, ತಂತಿ ಕೂರುವ ಸಂದುಗಳಿಗೆ ಕಾಗದ ಕೂರಿಸುವುದು, ಸುತ್ತು ಎಣಿಸುವುದು. ಅವನ ಕಡೆ ಒಮ್ಮೆಯೂ ನೋಡಲಿಲ್ಲ. ಒಂದೂವರೆಯ ಬಸ್ಸಿಗೆ ಹತ್ತಿದಳು. ಧಾರವಾಡ ಬರುವವರೆಗೂ ಕಿಟಕಿಗೆ ಮುಖ ಕೊಟ್ಟು ಅತ್ತಳು.

ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲ ಖಾದರಬಾಷಾ ಸರ್ ಮುಂದೆ ನಿಂತಿದ್ದಳು.

"ಸರ್, ನಾ ಅಮ್ಮಿನಬಾವಿಗೆ ಹೋಗೂದಿಲ್ರಿ. ಪರದೆ ಮ್ಯಾಲೆ ಎಷ್ಟು ಬೇಕಾದ್ರೂ ಕಲಸ್ತೇನಿ."

"ಮೋಟಾರ ಕಲಸಾಕ ನಿಮ್ಮನ್ನ ಬಿಟ್ಟರ ನನ್ನ ಕಡೆ ಯಾರದಾರವಾ? ನೀವು ಒಲ್ಲೆ ಅಂದ್ರ ಆ ಪಾಠ ನಿಂತಂಗ. ಹನ್ನೆರಡು ಮಂದಿ ಸರ್ಟಿಫಿಕೇಟ್ ತಗೊಂಡು ಮನಿಗೆ ಹೋಗ್ತಾರ, ಮೋಟಾರ ಮಾತ್ರ ಬಿಚ್ಚಾಕ ಬರೂದಿಲ್ಲ."

ಅವಳು ತಲೆ ತಗ್ಗಿಸಿದಳು. ದಾನವ್ವ ಮೊದಲ ಸಲ ನಿಜವಾದ ತಾಮ್ರ ಮುಟ್ಟಿ ನೋಡಿದ್ದು ನೆನಪಾಯಿತು. ಆದರೂ ಒಲ್ಲೆನೆಂದು ತಲೆಯಾಡಿಸಿದಳು.

ಖಾದರಬಾಷಾ ಸರ್ ಕಪಾಟು ತೆಗೆದು ಒಂದು ಕಾಗದ ಕೊಟ್ಟರು. "ಈ ಶನಿವಾರದ ಪಾಠ ಸುಮ್ಮನ ಹುಟ್ಟಿಲ್ಲ. ಇದನ್ನ ಓದ್ರಿ, ಆಮ್ಯಾಲೆ ಒಲ್ಲೆ ಅನ್ರಿ."

ಕೈಬರಹದ ಪತ್ರ. ಮೇಲೆ ತಾರೀಖು, ಮಾರ್ಚಿ ಹದಿನಾಲ್ಕು.

"ಮಾನ್ಯರೇ, ಈ ಕೇಂದ್ರದಲ್ಲಿ ಟೈಪ್ ಮಾಡಲು ಬರುವವನು ನಾನೊಬ್ಬನೇ. ಐದು ತಿಂಗಳಿಂದ ಹನ್ನೆರಡು ಜನರ ಮಾತೂ ನನ್ನ ಕೈಯಿಂದಲೇ ಮೇಡಂ ಅವರಿಗೆ ಹೋಗುತ್ತಿದೆ. ಇದು ಅವರಿಗೆ ಗೊತ್ತಿಲ್ಲವೆಂದು ನನಗೆ ನಿನ್ನೆ ತಿಳಿಯಿತು. ದಾನವ್ವ ಹೊಲಕ್ಕೆ ಹೋದ ಮೇಲೆ ಅವರಿಗೆಂದು ಬಂದದ್ದನ್ನು ನಾನು ಓದಿದೆ. ಓದಬಾರದಿತ್ತು. ಸುಮ್ಮನಿರಲಾಗದೆ ನನ್ನದೇ ಒಂದು ಮಾತು ಬರೆದೆ. ಬರೆಯಬಾರದಿತ್ತು. ದಯವಿಟ್ಟು ವಾರಕ್ಕೊಂದು ದಿನವಾದರೂ ಮೇಡಂ ಇಲ್ಲಿಗೆ ಬಂದು ಎದುರಿಗೆ ಕಲಿಸುವಂತೆ ಮಾಡಿ. ಮೋಟಾರು ಕೈಯಿಂದ ಕಲಿಯುವ ವಿದ್ಯೆ. ನಡುವೆ ನಾನಿರುವುದು ಬೇಡ."

ಕೆಳಗೆ ಸಹಿ. ಶಿವಯೋಗೀಶ.

"ಮೊದಲ ನಾ ಮೂಲಿಗೆ ಹಾಕಿದ್ದೆ," ಎಂದರು ಖಾದರಬಾಷಾ ಸರ್. "ಆಂವ ಬಿಡಲಿಲ್ಲ, ಮತ್ತ ಮೂರು ಬರದ. ಏನ ಓದಿದ, ಏನ ಬರದ, ನಾ ಕೇಳಿಲ್ಲ. ಕೇಳೂದೂ ಇಲ್ಲ."

ದಾಕ್ಷಾಯಿಣಿ ಪತ್ರವನ್ನು ಎರಡು ಸಲ ಓದಿದಳು. ನನ್ನದೇ ಒಂದು ಮಾತು... ಅದು ಯಾವುದು ಎಂದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿದೆ ಎಂದು ಒಪ್ಪಿಕೊಳ್ಳಲು ಶನಿವಾರವೇ ಬರಬೇಕಾಯಿತು.

ಶನಿವಾರ ಬಸ್ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಕೇಂದ್ರಕ್ಕೆ ಬಂದಾಗ ಶಿವಯೋಗೀಶ ತನ್ನ ಕುರ್ಚಿಯನ್ನು ಹೊರಗಿನ ಕಟ್ಟೆಗೆ ಹಾಕಿಕೊಂಡು ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ನೇರ ಒಳಗೆ ಹೋದಳು.

"ದಾನವ್ವ, ಒಂದು ಮಾತ ಖರೇ ಹೇಳು. ಕಷಾಯ ಕುಡೀರಿ, ಊಟ ಮಾಡ್ರಿ ಅಂತಿದ್ಯಲ್ಲ, ಅವು ಯಾರ ಮಾತು?"

"ನನ್ನೂವ ಮತ್ತ. ಶಿವಯೋಗಿಗೆ ಕಷಾಯ ಏನ ಗೊತ್ತ."

"ಕೈ ವಾಸನಿ ಬ್ಯಾಡ ಅಂದವರ ಮನಿ ಮೋಟಾರು ಸುಟ್ಟರ ಯಾರನ್ನ ಕರೀತಾರ... ಇದು?"

ದಾನವ್ವ ತಂತಿ ಸುತ್ತುವುದನ್ನು ನಿಲ್ಲಿಸಿ ಯೋಚಿಸಿದಳು. "ಇದು ನಂದಲ್ರಿ. ಛಲೋ ಮಾತೈತಿ ನೋಡ್ರಿ. ಯಾರಂದ್ರು?"

ದಾಕ್ಷಾಯಿಣಿ ಎದ್ದು ಹೊರಗೆ, ಶಿವಯೋಗೀಶನ ಮುಂದೆ ಬಂದು ನಿಂತಳು.

"ಹ್ವಾದ ವಾರ ಒಂದು ಮಾತು ಹೇಳೂದೈತಿ ಅಂದಿದ್ರಿ. ಈಗ ಹೇಳ್ರಿ."

"ಅದು ನಿಮಗ ಗೊತ್ತಾತಲ್ರಿ." ಅವನು ನೆಲ ನೋಡುತ್ತ ಹೇಳಿದ. "ಬರದವ ನಾ ಅಂತ ಅವತ್ತ ಹೇಳಬೇಕಿತ್ತು. ಮೂರು ತಿಂಗಳ ಧೈರ್ಯ ಬರಲಿಲ್ಲ, ಮೋಟಾರಿನ ಮಾತಷ್ಟ ಟೈಪ್ ಮಾಡಿದೆ. ನಿಮಗ ನಾಚಿಕಿ ಆದೀತು ಅಂತ ಒಂದು, ಹೇಳಿದ್ರ ನೀವು ಬರೂದ ಬಿಟ್ಟೀರಿ ಅಂತ ಇನ್ನೊಂದು. ತಪ್ಪ ನಂದ ಐತ್ರಿ."

"ಹೌದು, ನಿಮ್ಮದ ತಪ್ಪು. ಒಂದು ವಾರ ನನಗ ಅನ್ನ ಸೇರಿಲ್ಲ."

"ನನಗೂ ಇಲ್ರಿ."

ಅವಳಿಗೆ ನಗು ಬಂತು, ತಡೆದುಕೊಂಡಳು. "ಆ ಒಂದು ಸಾಲು ಯಾಕ ಬರದ್ರಿ? ಕನಿಕರಾ?"

ಈಗ ಅವನು ತಲೆ ಎತ್ತಿದ. "ಕನಿಕರ ಅಲ್ರಿ. ದಿನಾ ನಿಮ್ಮ ಕೈ ನೋಡಾಕತ್ತಿದ್ದೆ ಮೇಡಂ. ಪರದೆ ತುಂಬ ನಿಮ್ಮ ಕೈ, ತಂತಿ. ಅಂಥಾ ಕೈಗೆ ಮೂಗ ಮುರದ್ರಂದ್ರ ಸಿಟ್ಟ ಬಂತು. ಬರದೆ. ಬರದಮ್ಯಾಲೆ ತಿಳೀತು, ಬರೇ ಸಿಟ್ಟಲ್ಲ ಅದು... ನೀವಂದ್ರ ನನಗ ಜೀವ ರೀ."

ಎದುರಿಗೆ, ತನ್ನ ಬಾಯಿಂದಲೇ ಹೇಳಿದ. ದಾಕ್ಷಾಯಿಣಿಯ ಕಣ್ಣು ತುಂಬಿತು. ತಾನು ಮೂರು ತಿಂಗಳು ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ತೆಗೆದು ಓದಿದ್ದು ಇವನ ಮಾತನ್ನೇ ಅಲ್ಲವೇ? ಪ್ರೀತಿ ಆಗಲೇ ಆಗಿಹೋಗಿತ್ತು. ಯಾರ ಮೇಲೆ ಎನ್ನುವುದು ಗೊತ್ತಿರಲಿಲ್ಲ, ಅಷ್ಟೇ.

"ನಾನೂ ಒಂದು ಸಾಲು ಬರದಿದ್ದೆ," ಎಂದಳು ಮೆಲ್ಲಗೆ. "ಅಂಥಾ ಗಂಡಸು ಸಿಕ್ಕರ ಕಣ್ಣ ಮುಚ್ಚಿ ಮದವಿ ಆಗ್ತೇನಂತ. ಅದನ್ನ ವಾಪಸ್ ತಗೋತೇನಿ."

ಅವನ ಮುಖ ಇಳಿಯಿತು. "ಆತ್ರಿ," ಎಂದ.

"ಪೂರಾ ಕೇಳ್ರಿ. ಕಣ್ಣ ಮುಚ್ಚಿ ಆಗೂದಿಲ್ಲ. ಎದುರಿಗೆ ಕುಂತು, ಕಣ್ಣ ತಗದು ನೋಡಿ ಆಗ್ತೇನಿ. ರವಿವಾರ ಮಾಳಮಡ್ಡಿಗೆ ನಿಮ್ಮ ಮನಿಯವರನ್ನ ಕರಕೊಂಡು ಬರ್ರಿ. ಕೈ ತೊಳಕೊಂಡು ಕುಂದ್ರೂದಿಲ್ಲ, ಹೇಳಿರ್ತೇನಿ."

ಹನ್ನೆರಡು ಮಂದಿಯ ಮಾತು ಬರೆದವನಿಗೆ ತನ್ನದೊಂದು ಮಾತು ಸಿಗಲಿಲ್ಲ.

"ಮತ್ತ ಸೋಮವಾರದಿಂದ ಪರದೆ ಪಾಠ ಐತಲ್ರಿ," ಎಂದ ಕೊನೆಗೆ, ದಾರಿ ಕಾಣದೆ. "ನಾ ಟೈಪ್ ಮಾಡ್ಲ್ಯೋ, ಬ್ಯಾಡೋ?"

"ಮಾಡ್ರಿ. ಕೆಳಗ ನಿಮ್ಮ ಹೆಸರು ಹಾಕಿ ಮಾಡ್ರಿ." ಅವಳು ಕುರ್ಚಿಯನ್ನು ಎತ್ತಿ ಒಳಗೆ ಒಯ್ಯುತ್ತ ಬಾಗಿಲಲ್ಲಿ ತಿರುಗಿದಳು. "ಪಾಠ ಬೇಕಾದ್ರ ಅರ್ಧ ಪರದೆ ಮ್ಯಾಲೆ ನಡೀಲಿ. ನೀವು ಮಾತ್ರ ಪೂರ್ತಿ ನನ್ನ ಎದುರಿಗೇ ಇರಬೇಕು."

"ಹೂಂ ರೀ," ಎಂದ ಶಿವಯೋಗೀಶ. ಅವಳ ಹಿಂದೆಯೇ ಒಳಗೆ ಬಂದು, ಅವಳು ಚಾಚಿದ ತಂತಿಯ ತುದಿ ಹಿಡಿದು ಕುಳಿತ.