ಸುಮ್ನೆ ಕೂತಿದ್ದೆ

"ಅರ್ಧ ಗಂಟೇಲಿ ಕರೆಂಟ್ ಬರದಿದ್ರೆ ನನ್ನ ಮೆದುಳಿನ ಕೋಶ ಎಲ್ಲಾ ಸತ್ತುಹೋಗುತ್ತೆ ಕಣ್ರೀ."

ಮಂಜುಶ್ರೀ ಹೀಗೆ ಸಿಡುಕಿದಾಗ ಭೀಮರಾಜ್ ಗಾಬರಿಯಿಂದ ಅವಳ ತಲೆಯನ್ನೇ ನೋಡಿದ.

"ಇದಲ್ಲ. ಮೇಲೆ ಲ್ಯಾಬಲ್ಲಿ ಬೆಳೆಸಿರೋದು."

ಅಟ್ಟೂರಿನ ಆ ಕಟ್ಟಡ ಅವನ ಅಪ್ಪ ಮುನಿಕೃಷ್ಣಪ್ಪನವರದು. ಹಿಂದೆ ಅಲ್ಲಿ ಅವರ ರಾಗಿ ಹೊಲವಿತ್ತು. ಈಗ ಕೆಳಗೆ ಔಷಧಿ ಅಂಗಡಿ, ಮೇಲೆ ಮಂಜುಶ್ರೀ ಸಂಶೋಧನೆ ಮಾಡುವ ಲ್ಯಾಬು. ಜನರೇಟರ್ ಕೆಟ್ಟರೆ ನೋಡುವುದು ಮಗನ ಪಾಲಿಗೆ ಬಂದಿತ್ತು.

ಅವನು ಮೊಣಕಾಲೂರಿ ಕೂತು ಅದರ ಸದ್ದು ಕೇಳಿದ. "ಸುಮ್ನೆ ಬಿಟ್ರೆ ಓಡುತ್ತೆ, ಡೀಸೆಲ್ಲೂ ಜಾಸ್ತೀನೇ ಕುಡಿಯುತ್ತೆ. ಲೋಡ್ ಹಾಕಿದ ತಕ್ಷಣ ಆಫ್. ಒಳಗೆ ಏನೋ ಕಟ್ಕೊಂಡಿದೆ ಮೇಡಂ. ಬೈದ್ರೆ ಸರಿಹೋಗಲ್ಲ."

ಬೈದಿದ್ದು ಜನರೇಟರಿಗಲ್ಲ, ಅವನಿಗೆ. ಅದು ಅವನಿಗೂ ಗೊತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ರಿಪೇರಿಯಾಯಿತು, ಕೋಶಗಳು ಉಳಿದವು. ಮಂಜುಶ್ರೀ ಮಾತ್ರ ಆ ದಿನವೇ ಅವನ ಪ್ರೀತಿಗೆ ಜಾರಿಬಿದ್ದಳು. ಒಪ್ಪಿಕೊಳ್ಳಲು ಆರು ತಿಂಗಳು ಹಿಡಿಯಿತು, ಅಷ್ಟೇ.

ಒಂದು ವರ್ಷ ಕಳೆಯಿತು. ಮಂಜುಶ್ರೀಯ ಅಪ್ಪ ಆನಂದಪ್ಪ ಖಡಾಖಂಡಿತವಾಗಿ ಹೇಳಿದರು. "ಭಾನುವಾರ ಹನ್ನೊಂದಕ್ಕೆ ಆ ಹುಡುಗ ಬಂದು ಮಾತಾಡ್ಲಿ. ಬರ್ಲಿಲ್ಲಾಂದ್ರೆ ತಣಿಸಂದ್ರದ ಗಂಡಿನವರಿಗೆ ಹೂಂ ಅಂತೀನಿ."

ಭೀಮರಾಜ್ ಬರಲಿಲ್ಲ.

ವಿದ್ಯಾರಣ್ಯಪುರದ ಮಂಜುಶ್ರೀಯ ಮನೆಯಲ್ಲಿ ಅವನಿಗೆಂದು ಮಾಡಿದ ಕೇಸರಿಬಾತು ಆರಿ ಗಟ್ಟಿಯಾಯಿತು. ಅವನು ಫೋನ್ ಎತ್ತಿದ್ದು ಸಂಜೆ ನಾಲ್ಕಕ್ಕೆ.

"ಏನ್ ಮಾಡ್ತಿದ್ರಿ?"

"ಸುಮ್ನೆ ಕೂತಿದ್ದೆ."

"ಸುಮ್ನೇನಾ?"

"ಹೂಂ... ಸುಮ್ನೆ."

ಜ್ವರ ಎನ್ನಬಹುದಿತ್ತು, ಗಾಡಿ ಕೆಟ್ಟಿತು ಎನ್ನಬಹುದಿತ್ತು. ಅವಳು ಯಾವುದನ್ನಾದರೂ ನಂಬುತ್ತಿದ್ದಳು. ಸುಮ್ಮನೆಯಂತೆ! ಮೂರು ತಿಂಗಳಿಂದ ಅವನು ಸರಿಯಾಗಿ ಮಾತಾಡಿರಲಿಲ್ಲ, ಕೆಲಸದ ಕಡೆಗೂ ಹೋಗುತ್ತಿರಲಿಲ್ಲ.

'ನಾನು ಬೇಡವಾಗಿದ್ದೀನಿ... ಹೇಳೋಕೆ ಧೈರ್ಯ ಇಲ್ಲ, ಅಷ್ಟೇ.'

"ಇನ್ಮೇಲೆ ಫೋನ್ ಮಾಡ್ಬೇಡಿ," ಎಂದಳು. ಪುಣ್ಯಾತ್ಮ ಅದನ್ನೂ ಪಾಲಿಸಿದ. ಅದೇ ಅವಳನ್ನು ಹೆಚ್ಚು ಅಳಿಸಿತು.

ಗುರುವಾರ ಲ್ಯಾಬಿನಲ್ಲಿ ಫಲಿತಾಂಶ ಬಂತು. ಖಿನ್ನತೆ ಇರುವವರ ರಕ್ತದಿಂದ ಬೆಳೆಸಿದ ಮೆದುಳಿನ ಕೋಶಗಳು ಎಷ್ಟು ಶಕ್ತಿ ತಯಾರಿಸುತ್ತವೆ, ಎಷ್ಟು ಖರ್ಚು ಮಾಡುತ್ತವೆ ಎಂದು ಅಳೆಯುವುದೇ ಅವಳ ಮೂರು ವರ್ಷದ ಕೆಲಸ. ಮೊದಲು ಕೋಶಗಳನ್ನು ಅವುಗಳ ಪಾಡಿಗೆ ಬಿಟ್ಟು ಅಳೆಯಬೇಕು, ಆಮೇಲೆ ಔಷಧಿ ಹಾಕಿ ದುಡಿಸಿ ಅಳೆಯಬೇಕು. ತಂತ್ರಜ್ಞ ಹಬೀಬುಲ್ಲಾ ಮೊದಲನೆಯದಕ್ಕೆ 'ಸುಮ್ನೆ ರೀಡಿಂಗ್' ಎಂದು ಹೆಸರಿಟ್ಟಿದ್ದ.

"ಮೇಡಂ, ವಿಚಿತ್ರ ನೋಡಿ," ಎಂದ ಹಬೀಬುಲ್ಲಾ. "ಇವು ಸುಮ್ನೆ ಇದ್ದಾಗ್ಲೇ ಖಿನ್ನತೆ ಇಲ್ಲದವರ ಕೋಶಕ್ಕಿಂತ ಜಾಸ್ತಿ ದುಡೀತಿವೆ. ಇನ್ನೊಂಚೂರು ಕೊಡು ಅಂದ್ರೆ ಮಾತ್ರ ಆಗ್ತಿಲ್ಲ."

"ಹನ್ನೆರಡೇ ಜನರ ಸ್ಯಾಂಪಲ್ಲು. ಈಗ್ಲೇ ಏನೂ ಹೇಳೋಕಾಗಲ್ಲ ಹಬೀಬ್..."

"ಅದ್ಸರಿ. ಆದ್ರೂ ಪಾಪ ಅಲ್ವಾ ಮೇಡಂ? ಸುಮ್ನೆ ಇರೋದಕ್ಕೇ ಇಷ್ಟು ಸುಸ್ತು."

ಮಂಜುಶ್ರೀಯ ಕೈಯಲ್ಲಿದ್ದ ಪೆನ್ನು ನಿಂತುಬಿಟ್ಟಿತು.

ಸುಮ್ನೆ ಕೂತಿದ್ದೆ.

'ಮೂರು ವರ್ಷದಿಂದ ಇದನ್ನೇ ಅಳೀತಿದ್ದೀನಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ...'

ಭೀಮರಾಜನ ಮನೆ ಕಟ್ಟಡದ ಹಿಂದೆಯೇ ಇತ್ತು. ಅವನ ತಾಯಿ ಅಂಜಿನಮ್ಮ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಿದ್ದರು.

"ಓಗವ್ವ, ತಾರಸಿ ಮೇಲವ್ನೆ. ಮೂರ್ ತಿಂಗ್ಳಿಂದ ಇಂಗೇಯ. ಸೋಮಾರಿ ಆಗೋದ ಅಂತ ಇವ್ರಪ್ಪ ದಿನಾ ಬೈತಾರೆ."

ಅವನು ನೀರಿನ ತೊಟ್ಟಿಯ ನೆರಳಲ್ಲಿ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಏಳಲು ಹೋದ.

"ಏಳ್ಬೇಡಿ," ಎಂದು ಅವಳೇ ಪಕ್ಕದಲ್ಲಿ ಕೂತಳು. "ಭಾನುವಾರ ಏನಾಯ್ತು? ನಾನು ಬೈಯಲ್ಲ."

ಅವನು ತಾರಸಿಯ ಸಿಮೆಂಟನ್ನು ಉಗುರಿನಿಂದ ಕೆರೆದ. ಅವಳು ಕಾದಳು.

"ಒಂಬತ್ತಕ್ಕೇ ರೆಡಿಯಾದೆ. ಹೊಸ ಶರ್ಟು. ಒಂದು ಶೂ ಹಾಕ್ದೆ... ಇನ್ನೊಂದು ಹಾಕೋಕಾಗ್ಲಿಲ್ಲ ಮಂಜು. ಮೆಟ್ಲ ಮೇಲೆ ಅದನ್ನೇ ನೋಡ್ತಾ ಕೂತೆ. ನಾಲ್ಕು ಗಂಟೆ ಆಗೋಯ್ತು. ಇದನ್ನ ಯಾರಿಗೆ ಹೇಳೋದು? ನೀವು ಬೇಡ ಅಂತಲ್ಲ. ನೀವೊಬ್ರೇ ಬೇಕು ಅನ್ಸೋದು, ಬೇರೆ ಏನೂ ಅನ್ಸಲ್ಲ."

ಅವಳಿಗೆ ಅಳು ಒತ್ತರಿಸಿ ಬಂತು. ಮೂಗು ಒರೆಸಿಕೊಂಡು ಲ್ಯಾಬಿನಲ್ಲಿ ಕಂಡದ್ದನ್ನು ಹೇಳಿದಳು. ಅವನು ಕೊನೆಯವರೆಗೂ ಕೇಳಿದ.

"ನಮ್ಮ ಹಳೇ ಜನರೇಟರ್," ಎಂದ. "ಲೋಡ್ ಎಳೀತಿಲ್ಲ."

"ನಿಮಗೂ ಹಾಗೇ ಆಗಿದೆಯಾ ಅಂತ ನಾನು ಹೇಳೋಕಾಗಲ್ಲ. ನಾನು ಡಾಕ್ಟರಲ್ಲ, ತಟ್ಟೇಲಿ ಕೋಶ ಬೆಳೆಸೋಳು. ಶನಿವಾರ ಡಾಕ್ಟರ್ ಹತ್ರ ಹೋಗೋಣ, ಇಬ್ರೂ. ಬೈದ್ರೆ ಸರಿಹೋಗಲ್ಲ ಅಂತ ನೀವೇ ಹೇಳಿದ್ರಿ... ಆದ್ರೂ ನಾನು ಬೈದೆ. ತಪ್ಪಾಯ್ತು."

"ನಿಮ್ಮಪ್ಪ?"

"ನೋಡೋಣ."

ಆನಂದಪ್ಪ ಒಂದೇ ಮಾತಿಗೆ ಒಪ್ಪುವವರಲ್ಲ. ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದರು. ಕೊನೆಗೆ ಮಗಳು ಕೇಳಿದಳು. "ಅವ್ರು ಕಾಲು ಮುರ್ಕೊಂಡಿದ್ರೆ ನಾವೇ ಹೋಗಿ ನೋಡ್ತಿರ್ಲಿಲ್ವಾ ಅಪ್ಪ?"

ಭಾನುವಾರ ಬೆಳಿಗ್ಗೆ ಆನಂದಪ್ಪ ಎದ್ದು ಇಸ್ತ್ರಿ ಮಾಡಿದ ಪಂಚೆ ಉಟ್ಟರು.

ಹನ್ನೊಂದಕ್ಕೆ ಅಪ್ಪ, ಮಗಳು ಅಟ್ಟೂರು ತಲುಪಿದರು. ಅಂಜಿನಮ್ಮ ಆನಂದಪ್ಪನವರನ್ನು ಒಳಗೆ ಕರೆದುಕೊಂಡು ಹೋದರು. ಭೀಮರಾಜ್ ಅದೇ ಮೆಟ್ಟಿಲ ಮೇಲೆ ಇದ್ದ. ಅದೇ ಹೊಸ ಶರ್ಟು, ಬರಿಗಾಲು. ಜೇಬಿನಲ್ಲಿ ಡಾಕ್ಟರ್ ಬರೆದುಕೊಟ್ಟ ಚೀಟಿ.

"ಏನ್ ಮಾಡ್ತಿದ್ದೀರಾ?" ಎಂದಳು ಮಂಜುಶ್ರೀ.

ಅವನು ಅವಳನ್ನೇ ನೋಡಿದ. ಎಷ್ಟೋ ದಿನದ ಮೇಲೆ ತುಟಿಯ ಒಂದು ಕೊನೆ ನಕ್ಕಿತು.

"ಸುಮ್ನೆ ಕೂತಿದ್ದೀನಿ."

ಅವಳು ಚಪ್ಪಲಿ ಬಿಟ್ಟಳು.

"ಹಾಗಾದ್ರೆ ಸುಸ್ತಾಗಿರ್ಬೇಕು. ಸ್ವಲ್ಪ ಜರುಗಿ, ನಾನೂ ಕೂತ್ಕೋತೀನಿ."